ಕೋವಿಯ ತಿರುಪೂ ತಿರುಪುಳಿಯೂ

ಆಯುಧಗಳ ಚರಿತ್ರೆಯಲ್ಲಿ ತೋಪು, ಕತ್ತಿ, ಕೋವಿಗಳಿಗೆ ದೊರೆತಿರುವ ಸ್ಥಾನವು ಅವುಗಳನ್ನು ಕಳಚಿ ಜೋಡಿಸುವ ಉಪಕರಣಗಳಿಗೆ ದೊರೆತಿಲ್ಲ. ಆದರೂ ನೂರಾರು ವರ್ಷ ಅಂದಗೆಡದೆ ಉಳಿದ ಕೋವಿಯನ್ನು ಒಂದು ಗಳಿಗೆಯಲ್ಲಿ ಕೆಡಿಸುವ ಶಕ್ತಿಯು ತಿರುಪುಳಿಯ ತುದಿಗೆ ಉಂಟು. ಆ ತುದಿಯನ್ನು ಆರಿಸುವ ವಿವೇಕವು ಬೆಳೆದುಬಂದ ಬಗೆಯು ವಿಚಾರಾರ್ಹವಾದುದು.

ಯೂರೋಪಿನಲ್ಲಿ 15, 16ನೆಯ ಶತಮಾನಗಳಲ್ಲಿ ಕೋವಿಯ ಭಾಗಗಳನ್ನು ಲೋಹದ ತಿರುಪುಗಳಿಂದ ಬಿಗಿಯುವುದು ಬಳಕೆಗೆ ಬಂದಿತು. ಗುಂಡು ಹಾರುವಾಗಿನ ಅದುರಿಗೆ ಮೊಳೆಯು ಸಡಿಲವಾಗುವುದು. ತಿರುಪಾದರೋ ಹಿಡಿತವನ್ನು ಬೇಗ ಬಿಡದು, ಬೇಕಾದಾಗ ಕಳಚಲೂ ಬರುವುದು. ಆದರೆ ಅಂದಿನ ಕುಶಲಿಗಳು ಪ್ರತಿಯೊಂದನ್ನೂ ಕೈಯಿಂದಲೇ ಮಾಡುತ್ತಿದ್ದುದರಿಂದ ಒಂದು ಕೋವಿಯ ತಿರುಪು ಮತ್ತೊಂದಕ್ಕೆ ಹೊಂದುತ್ತಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕಾರ್ಖಾನೆಗಳಿಂದ ಹೊರಟ ಚಕಮಕಿ ಕೋವಿಗಳೂ ಇಂತಹ ಕೈಕೆಲಸದ ಫಲಗಳೇ.

ಈ ಭೇದವನ್ನು ತೊಡೆಯಲು ಪ್ರಯತ್ನಗಳು ನಡೆದುವು. 1785ರಲ್ಲಿ ಫ್ರಾನ್ಸಿನ ಒನೊರೆ ಬ್ಲಾಂಕನು ಬಿಡಿ ಭಾಗಗಳನ್ನು ಅಮೆರಿಕದ ರಾಯಭಾರಿ ಥಾಮಸ್ ಜೆಫರ್ಸನ್ನನ ಮುಂದಿಟ್ಟನು. ಜೆಫರ್ಸನ್ನನು ಕೈಗೆ ಸಿಕ್ಕಿದ ಭಾಗಗಳನ್ನು ತೆಗೆದುಕೊಂಡು ಕೋವಿಯ ಕಿಡಿ ಹಾರಿಸುವ ಕೀಲುಗಳನ್ನು ತಾನೇ ಜೋಡಿಸಿದನು; ಅವು ಸರಿಯಾಗಿ ಕೂಡಿದುವು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ಥನು ಅನೇಕ ಕಾರ್ಖಾನೆಗಳ ತಿರುಪುಗಳನ್ನು ಹೋಲಿಸಿ ನೋಡಿ, 55 ಡಿಗ್ರಿ ಕೋನದ ಒಂದೇ ಬಗೆಯ ಸುತ್ತುಗಳನ್ನು ಎಲ್ಲರೂ ಅನುಸರಿಸಬೇಕೆಂದು ಸೂಚಿಸಿದನು. ಹೀಗೆ ತಿರುಪಿನ ಮೈಗೆ ಕ್ರಮವು ಬಂದಿತು. ಅದರ ತಲೆಯ ಮೇಲಣ ಕಚ್ಚು ಮಾತ್ರ ಆಯಾ ಕುಶಲಿಯ ಇಚ್ಛೆಗೇ ಉಳಿಯಿತು. 1936ರಲ್ಲಿ ಹೆನ್ರಿ ಫಿಲಿಪ್ಸನು ಪೇಟೆಂಟ್ ಪಡೆದ ಅಡ್ಡಗೆರೆಯ ತಲೆಯು ಕಾರ್ಖಾನೆಗಳಲ್ಲಿ ಹಬ್ಬಿದರೂ ಉತ್ತಮ ಕೋವಿಗಳು ನೇರವಾದ ಒಂದೇ ಕಚ್ಚನ್ನು ಬಿಡಲಿಲ್ಲ.

ಇದಕ್ಕೆ ಕಾರಣವುಂಟು. ಲಂಡನ್ನಿನ ಶ್ರೇಷ್ಠ ಕೋವಿಗಾರರು ಕಚ್ಚನ್ನು ಬಹು ಕಿರಿದಾಗಿ ಕೊರೆದು, ತಿರುಪು ಬಿಗಿದಾಗ ಅದು ನಳಿಗೆಯ ನೇರಕ್ಕೆ ನಿಲ್ಲುವಂತೆ ಮಾಡುವರು. ಚಿತ್ತಾರದ ಬಳ್ಳಿಯು ತಿರುಪಿನ ತಲೆಯ ಮೇಲೂ ಹಾದುಹೋಗುವುದು. ಅಂತಹ ತಲೆಯು ಹರಿದರೆ ಬೇರೊಂದು ತಿರುಪನ್ನು ತಂದು ಹಾಕಬಹುದು. ಆ ಬಳ್ಳಿಯು ಮಾತ್ರ ಮತ್ತೆ ಕೂಡದು.

ಸಾಮಾನ್ಯ ತಿರುಪುಳಿಯ ತುದಿಯು ಬೆಣೆಯಂತೆ ಇಳಿಜಾರಾಗಿರುವುದು. ಅದು ಕಚ್ಚಿನ ಮೇಲಂಚನ್ನು ಮಾತ್ರ ಮುಟ್ಟುವುದು. ಬಲವಾಗಿ ತಿರುಗಿಸಿದೊಡನೆ ಮೇಲಕ್ಕೆ ಜಾರಿ ಅಂಚನ್ನು ಹರಿದು ಪಕ್ಕದ ಚಿತ್ತಾರವನ್ನೂ ಗೀರುವುದು. ಆದುದರಿಂದ ಕೋವಿಗಾರರು ತುದಿಯ ಎರಡು ಮುಖಗಳನ್ನೂ ಸಾಣೆಯ ಚಕ್ರದ ಮೇಲೆ ಒಳಬಾಗುವಂತೆ ಉಜ್ಜಿ, ಕೊನೆಯಲ್ಲಿ ಅವು ಸಮಾಂತರವಾಗಿರುವಂತೆ ಮಾಡುವರು. ಪ್ರತಿಯೊಂದು ಕಚ್ಚಿಗೂ ಒಂದೊಂದು ತಿರುಪುಳಿಯನ್ನು ಉಜ್ಜಿಕೊಳ್ಳುವುದೂ ಉಂಟು. ಈಗ ಒಂದೇ ಹಿಡಿಗೆ ಬದಲಾಯಿಸಿ ಸಿಕ್ಕಿಸುವ ಬಿಟ್ಟುಗಳು ಹಲವು ಅಳತೆಗಳಲ್ಲಿ ದೊರೆಯುವುದರಿಂದ ಆ ಶ್ರಮವು ಕಡಮೆಯಾಗಿದೆ; ಪರೀಕ್ಷೆಯು ಹಳೆಯದೇ. ಬಿಟ್ಟಿನ ದಪ್ಪವು ಕಚ್ಚನ್ನು ಅಲುಗದಂತೆ ತುಂಬಬೇಕು. ಅಗಲವು ಕಚ್ಚಿನ ಉದ್ದಕ್ಕೆ ಸಮನಾಗಿರಬೇಕು. ತಲೆಯಿಂದ ಹೊರಚಾಚಿದರೆ ಸುತ್ತಲಿನ ಲೋಹವನ್ನು ಕೆರೆಯುವುದು. ತುದಿಯು ಕಚ್ಚಿನ ತಳವನ್ನು ಮುಟ್ಟಬೇಕು. ಉಕ್ಕಿನ ಹದವೂ ಮುಖ್ಯ: ಮೆದುವಾದುದು ತಿರುಚಿಕೊಳ್ಳುವುದು, ಅತಿ ಕಠಿಣವಾದುದು ಒಡೆಯುವುದು. ಯಾವುದೂ ಸರಿಹೊಂದದಿದ್ದರೆ ದಪ್ಪವಾದ ಬಿಟ್ಟನ್ನು ಉಜ್ಜಿ ಹೊಂದಿಸಬೇಕಲ್ಲದೆ ಕಚ್ಚನ್ನು ಅಗಲಿಸಬಾರದು.

11ನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ನಿರೂಪಿಸಿದನು. ಶಿಲ್ಪಿಯ ಉಪಕರಣಕ್ಕೂ ಅದು ಸಲ್ಲುವ ಮಾತು. ಕೊಡಗಿನ ಮನೆಗಳಲ್ಲಿ ಕೈಲ್ ಮುಹೂರ್ತದಂದು ಕೋವಿಗಳನ್ನು ಹೂವಿನಿಂದ ಅಲಂಕರಿಸಿ ಪೂಜಿಸುವ ಪದ್ಧತಿಯು ಇಂದಿಗೂ ಉಂಟು. ಹಿರಿಯರಿಂದ ಬಂದ ಕೋವಿಯನ್ನು ಶುಚಿಮಾಡಲು ಕಳಚುವವರು ಕೈಗೆ ಸಿಕ್ಕಿದ ತಿರುಪುಳಿಯನ್ನು ಬಳಸದೆ ತಕ್ಕುದನ್ನು ಹುಡುಕಿ ಬಳಸಿದರೆ, ಅದನ್ನು ಮಾಡಿದ ಕುಶಲಿಯ ಕೈಕೆಲಸವು ಮುಂದಿನವರಿಗೂ ಅಳಿಯದೆ ಉಳಿಯುವುದು.