ಬ್ಲಾಕ್ ಇಲ್ಲ, ಆದ್ರೂ ರಕ್ತ ಹರೀತಿಲ್ಲ!

ಒಂದು ಐಸಿಯು ಕಲ್ಪಿಸಿಕೊಳ್ಳಿ. ಬೈಪಾಸ್ ಆಪರೇಷನ್ ಚೆನ್ನಾಗೇ ಮುಗಿದಿದೆ. ಕೆಲವೇ ಗಂಟೆಯಲ್ಲಿ ರೋಗಿಯ ಬಿಪಿ ದಿಢೀರ್ ಕುಸಿಯುತ್ತೆ. ಇಸಿಜಿ ಗೆರೆ ಹಾರ್ಟ್ ಅಟ್ಯಾಕ್ ಆದವರ ಥರ ಮೇಲಕ್ಕೇಳುತ್ತೆ. ಜೋಡಿಸಿದ ಹೊಸ ನಾಳವೇ ಮುಚ್ಚಿಹೋಯ್ತಾ? ಮತ್ತೆ ಎದೆ ತೆರೀಬೇಕಾ? ಯೋಚಿಸೋಕೆ ಇರೋದು ಕೆಲವು ನಿಮಿಷ ಅಷ್ಟೇ.

ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಆದ್ರೆ ಈ ಪ್ರಶ್ನೆಗೆ ಉತ್ತರ ಸಿಕ್ಕ ಕಥೆ ನನ್ನನ್ನ ಬಿಡಲಿಲ್ಲ.

1959ರಲ್ಲಿ ಅಮೆರಿಕದ ಮೈರನ್ ಪ್ರಿಂಜ್‌ಮೆಟಲ್ ಒಂದು ವಿಚಿತ್ರ ಎದೆನೋವಿನ ಬಗ್ಗೆ ಬರೆದ್ರು. ಮೆಟ್ಟಿಲು ಹತ್ತಿದಾಗ ಅಲ್ಲ, ಸುಮ್ನೆ ಮಲಗಿದ್ದಾಗ ಬರೋ ನೋವು. ರಾತ್ರಿ ಮೀನಖಂಡ ಹಿಡ್ಕೊಳ್ಳುತ್ತಲ್ಲ, ಹಾಗೇ ಹೃದಯದ ರಕ್ತನಾಳವೂ ಬಿಗಿಯಾಗುತ್ತೆ ಅನ್ನೋದು ಅವರ ಊಹೆ. ಯಾಕಂದ್ರೆ ನಾಳದ ಗೋಡೆಯಲ್ಲೂ ಸ್ನಾಯು ಇದೆ.

1967ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಅರ್ಜೆಂಟೀನಾದ ರೆನೆ ಫವಲೋರೊ ಕಾಲಿನ ರಕ್ತನಾಳ ತೆಗೆದು ಬೈಪಾಸ್ ಮಾಡಿದ್ರು. ಲೆಕ್ಕ ಸರಳ: ಪೈಪ್ ಕಟ್ಟಿಕೊಂಡ್ರೆ ಪಕ್ಕದಲ್ಲಿ ಇನ್ನೊಂದು ಪೈಪ್. ಆದ್ರೆ 1970ರ ದಶಕದಲ್ಲಿ ಇಟಲಿಯ ಅಟಿಲಿಯೊ ಮಸೇರಿ ಅವರ ತಂಡ, ನಾಳ ಸೆಟೆದುಕೊಳ್ಳೋದನ್ನ ಆಂಜಿಯೋಗ್ರಾಮ್‌ನಲ್ಲೇ ತೋರಿಸಿತು. ಅಂದ್ರೆ ಅದು ಬರೀ ಪೈಪ್ ಅಲ್ಲ, ಜೀವ ಇರೋ ಸ್ನಾಯು.

1981ರಲ್ಲಿ ಎರಡೂ ಕಥೆ ಕೂಡಿದವು. ಬೈಪಾಸ್ ಆದ ತಕ್ಷಣವೇ ಈ ಸೆಟೆತ ಬರಬಹುದು, ಅದನ್ನ ಗುರುತಿಸೋದು ಹೇಗೆ, ನಿಭಾಯಿಸೋದು ಹೇಗೆ ಅಂತ ಫಿಲಡೆಲ್ಫಿಯಾದ ವೈದ್ಯರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದ್ರು. ಜೋಡಿಸಿದ ನಾಳ ಸರಿಯಾಗೇ ಇದ್ರೂ, ಹೃದಯದ ಸ್ವಂತ ನಾಳವೇ ಮುಷ್ಟಿ ಬಿಗಿದ ಹಾಗೆ ಮುಚ್ಚಿಕೊಳ್ಳಬಹುದು!

ಗುರುತಿಸೋದು ಯಾಕೆ ಅಷ್ಟು ಮುಖ್ಯ? ಬಿಪಿ ಏರಿಸೋಕೆ ಕೊಡೋ ಕೆಲವು ಔಷಧಿಗಳೇ ನಾಳವನ್ನ ಇನ್ನಷ್ಟು ಬಿಗಿ ಮಾಡಬಹುದು. ಅದಕ್ಕೇ ಆಂಜಿಯೋಗ್ರಾಮ್ ಮಾಡಿ ನೋಡ್ತಾರೆ. ಸೆಟೆತ ಅಂತ ಖಚಿತವಾದ್ರೆ ನೈಟ್ರೋಗ್ಲಿಸರಿನ್ ಅನ್ನ ನೇರವಾಗಿ ಆ ನಾಳಕ್ಕೇ ಬಿಡ್ತಾರೆ. ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಅನ್ನೋ ಔಷಧಿಗಳನ್ನೂ ಕೊಡ್ತಾರೆ. ಗೋಡೆ ಸಡಿಲವಾಗಿ ರಕ್ತ ಹರಿದ್ರೆ, ಮತ್ತೆ ಎದೆ ತೆರೆಯೋ ಪ್ರಮೇಯವೇ ಬರದೆ ಹೋಗಬಹುದು.

ಅಂದ ಹಾಗೆ, ಡೈನಮೈಟ್‌ನಲ್ಲಿ ಸಿಡಿಯೋದೂ ಇದೇ ನೈಟ್ರೋಗ್ಲಿಸರಿನ್. 1879ರಲ್ಲೇ ಲಂಡನ್‌ನ ವಿಲಿಯಂ ಮರೆಲ್ ಇದನ್ನ ಎದೆನೋವಿಗೆ ಮದ್ದು ಅಂತ ಬರೆದಿದ್ರು. ಮದ್ದು ನೂರು ವರ್ಷದಿಂದ ಕೈಯಲ್ಲೇ ಇತ್ತು. ಬೈಪಾಸ್ ಆದವರ ಐಸಿಯುನಲ್ಲಿ ಅದು ಯಾವಾಗ ಬೇಕು ಅಂತ ಗೊತ್ತಾಗೋಕೆ, ಅನುಮಾನ ಪಡೋ ಕಣ್ಣು ಬೇಕಾಯ್ತು.