ತೆಳುವಾದಷ್ಟೂ ಅಗ್ಗ: ನಮ್ಮೂರಿಗೆ ಕವರ್ ಬಂದ ಕಥೆ

ಹೊಸಪೇಟೆ ಮಾರ್ಕೆಟ್ಟಿಗೆ ಹೊರಟವರ ಕೈಯಲ್ಲಿ ಹಿಂದೆ ಬಟ್ಟೆ ಚೀಲ ಇರುತ್ತಿತ್ತು. ಹೂವಿಗೆ ಬಾಳೆ ಎಲೆ, ಬೇಳೆ ಸಕ್ಕರೆಗೆ ಪೇಪರ್ ಪೊಟ್ಟಣ, ಎಣ್ಣೆಗೆ ಮನೆಯಿಂದ ಒಯ್ದ ಡಬ್ಬಿ. ಕಂಪ್ಲಿಯ ಭತ್ತ ಗೋಣಿ ಚೀಲದಲ್ಲಿ ಸಾಗುತ್ತಿತ್ತು. ಈಗ ಕೈಬೀಸಿಕೊಂಡು ಹೋಗಿ ನಾಲ್ಕು ಕವರ್ ಹಿಡಿದು ಬರುತ್ತೇವೆ. ಇದು ಹೇಗಾಯಿತು?

ಪಾಲಿಥಿನ್ ಸಿಕ್ಕಿದ್ದು ಆಕಸ್ಮಿಕವಾಗಿ. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಬೇರೇನೋ ಮಾಡಲು ಹೋದಾಗ ಪಾತ್ರೆಯ ತಳದಲ್ಲಿ ಮೇಣದಂಥ ಬಿಳಿ ವಸ್ತು ಉಳಿಯಿತು. ಎರಡನೇ ಮಹಾಯುದ್ಧದಲ್ಲಿ ಅದು ರೇಡಾರ್ ಕೇಬಲ್ಲಿಗೆ ಹೊದಿಕೆಯಾಯಿತು. ಭಾರತದಲ್ಲಿ 1959ರಲ್ಲಿ ಬಂಗಾಳದ ರಿಶ್ರಾದಲ್ಲಿ ತಯಾರಿಕೆ ಶುರುವಾಯಿತು. ಬನಿಯನ್ನಿನಂತೆ ಎರಡು ಹಿಡಿಕೆ ಇರುವ ಇಂದಿನ ಕ್ಯಾರಿಬ್ಯಾಗ್, ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ತುಲಿನ್ ರೂಪಿಸಿದ್ದು. ಅದಕ್ಕೆ 1965ರಲ್ಲಿ ಪೇಟೆಂಟ್ ಸಿಕ್ಕಿತು.

ಕವರ್ ಮಾಡುವ ರೀತಿ ಸರಳ. ಸಾಬೂದಾನಿಯಂಥ ಪ್ಲಾಸ್ಟಿಕ್ ಕಾಳುಗಳನ್ನು ಯಂತ್ರದಲ್ಲಿ ಕರಗಿಸುತ್ತಾರೆ. ಕರಗಿದ್ದು ಉಂಗುರದಂಥ ಸಂದಿಯಿಂದ ಕೊಳವೆಯಾಗಿ ಹೊರಬರುತ್ತದೆ. ಒಳಗೆ ಗಾಳಿ ತುಂಬಿದರೆ ಬಲೂನಿನಂತೆ ಉಬ್ಬಿ ತೆಳುವಾಗುತ್ತದೆ. ತಣಿದ ಮೇಲೆ ರೋಲರ್ ನಡುವೆ ಚಪ್ಪಟೆ ಮಾಡಿ, ಬಿಸಿಯಿಂದ ಅಂಟಿಸಿ, ಕತ್ತರಿಸಿದರೆ ಮುಗಿಯಿತು.

ಲಾಭ ಇರುವುದು ಆ ತೆಳುವಿನಲ್ಲೇ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗವೇ ಒಂದು ಮೈಕ್ರಾನ್. 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಚೀಲವನ್ನು 20 ಮೈಕ್ರಾನಿನಲ್ಲಿ ಮಾಡಿದರೆ ತೂಕ ಸುಮಾರು ನಾಲ್ಕೂವರೆ ಗ್ರಾಂ. ಒಂದು ಕಿಲೋ ಕಾಳಿಗೆ ಇನ್ನೂರಕ್ಕೂ ಹೆಚ್ಚು ಚೀಲ! ಅದೇ ಚೀಲ 120 ಮೈಕ್ರಾನ್ ಆದರೆ ಕಿಲೋಗೆ ನಲವತ್ತೂ ಸಿಗುವುದಿಲ್ಲ.

ಈಗ ಲೆಕ್ಕ ತಿರುಗಿಸಿ ನೋಡಿ. ಗುಜರಿ ಆಯುವವರು ಒಂದು ಕಿಲೋ ಆಗಬೇಕಾದರೆ ಇನ್ನೂರು ಸಲ ಬಗ್ಗಬೇಕು. ಅದಕ್ಕೇ ಹಾಲಿನ ಕ್ಯಾನು, ಮುರಿದ ಕೊಡ ಗುಜರಿ ಸೇರುತ್ತವೆ. ತೆಳು ಕವರ್ ಮಾತ್ರ ಕಾಲುವೆ ತೂಬಿನಲ್ಲಿ, ಹಂಪಿಯ ಬಂಡೆ ಸಂದಿಯಲ್ಲಿ, ದನದ ಹೊಟ್ಟೆಯಲ್ಲಿ ಉಳಿಯುತ್ತದೆ.

ಕಾನೂನು ಕೂಡ ಈ ತೆಳುವಿನ ಹಿಂದೆಯೇ ಓಡಿತು. ಕೇಂದ್ರ ಸರ್ಕಾರ ಚೀಲಕ್ಕೆ 1999ರಲ್ಲಿ ಕನಿಷ್ಠ 20 ಮೈಕ್ರಾನ್ ದಪ್ಪ ಎಂದಿತು. 2011ರಲ್ಲಿ ಅದು 40 ಆಯಿತು, 2016ರಲ್ಲಿ 50, 2021ರ ಸೆಪ್ಟೆಂಬರ್ ಕೊನೆಗೆ 75, 2022ರ ಡಿಸೆಂಬರ್ ಕೊನೆಗೆ 120. ಕರ್ನಾಟಕ ಇನ್ನೂ ಮುಂದೆ ಹೋಗಿ, 2016ರ ಮಾರ್ಚ್‌ನಲ್ಲಿ ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕ್ಯಾರಿಬ್ಯಾಗನ್ನೇ ನಿಷೇಧಿಸಿತು. ಹಾಲಿನ ಪ್ಯಾಕೆಟ್ಟಿನಂಥ ಕೆಲವಕ್ಕೆ ವಿನಾಯಿತಿ ಕೊಟ್ಟಿತು. ಆದರೂ ತಳ್ಳುಗಾಡಿಯಲ್ಲಿ ಕವರ್ ತೂಗಾಡುತ್ತಲೇ ಇದೆ. ಕೊಡದಿದ್ದರೆ ಗಿರಾಕಿ ಪಕ್ಕದ ಗಾಡಿಗೆ ಹೋಗುತ್ತಾನೆ ಎಂಬ ಭಯ ವ್ಯಾಪಾರಿಗೆ. ದಂಡ ಬೀಳುವುದೂ ಅವನಿಗೇ.

ಹಿಂದಿನ ಚೀಲಕ್ಕೂ ಇಂದಿನ ಕವರಿಗೂ ಇರುವ ದೊಡ್ಡ ವ್ಯತ್ಯಾಸ ಬಟ್ಟೆ, ಪ್ಲಾಸ್ಟಿಕ್ಕಿನದಲ್ಲ. ಚೀಲಕ್ಕೆ ಒಡೆಯ ಇದ್ದ; ಹರಿದರೆ ಹೊಲಿಯುತ್ತಿದ್ದ. ಕವರಿಗೆ ಒಡೆಯನೇ ಇಲ್ಲ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಆ ಕಸೂತಿಯ ಚೀಲವನ್ನು ಯಾರೂ ಬೀದಿಗೆ ಎಸೆಯುವುದಿಲ್ಲ. ನಮಗೆ ಅಷ್ಟು ಚೆಂದದ್ದು ಬೇಕಿಲ್ಲ, ಹಳೆ ಪ್ಯಾಂಟಿನ ಬಟ್ಟೆಯಲ್ಲಿ ಹೊಲಿದದ್ದೂ ಸಾಕು. ಸಂತೆಗೆ ಹೊರಡುವಾಗ ಅದು ಕೈಯಲ್ಲಿದ್ದರೆ, ಕವರ್ ಕೊಡಬೇಕೆಂಬ ವ್ಯಾಪಾರಿಯ ಭಯವೂ ತಪ್ಪುತ್ತದೆ.