ಕೋಲಾರ ಸೀಮೆಯ ಮನೆಮದ್ದಿನ ಪೂರ್ವೋತ್ತರ

ಕೋಲಾರದ ಕೋಲಾರಮ್ಮನ ಗುಡಿಯು ಚೋಳರ ಕಾಲದ್ದೆಂಬುದನ್ನು ಅಲ್ಲಿನ ತಮಿಳು ಶಾಸನಗಳೇ ಸಾರುತ್ತವೆ. ರೈಸ್ ಮಹಾಶಯರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವನ್ನು ನೋಡಿದವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಶಾಸನಗಳನ್ನು ಓದಲು ಹೋದವರು ಸಾಮಾನ್ಯವಾಗಿ ಲಕ್ಷ್ಯಕ್ಕೆ ತಂದುಕೊಳ್ಳದ ಒಂದು ಸನ್ನಿಧಿಯು ಆ ಗುಡಿಯಲ್ಲಿಯೇ ಉಂಟು. ಅದು ಚೇಳಮ್ಮನ ಸನ್ನಿಧಿ. ಆಕೆಗೆ ಹರಕೆ ಸಲ್ಲಿಸಿದವರನ್ನು ಚೇಳು ಕುಟುಕದೆಂಬುದು ಸುತ್ತಣ ಜನರ ನಂಬಿಕೆ. ನೆಲದಲ್ಲಿ ಕೊರೆದಿರುವ ಹುಂಡಿಯೊಂದಕ್ಕೆ ಕಾಣಿಕೆ ಹಾಕುವರು; ಅದನ್ನು ಈವರೆಗೆ ಯಾರೂ ತೆರೆದಿಲ್ಲವೆಂದು ಹೇಳುವ ವಾಡಿಕೆಯಿದೆ. ರಾಜರ ವಿಜಯಗಳಿಗೆ ಕಲ್ಲಿನ ಶಾಸನವಿದೆ. ಕಣದಲ್ಲಿ ಹುಲ್ಲು ಎತ್ತುವಾಗ ಬೆರಳು ಕುಟುಕಿಸಿಕೊಂಡ ಒಕ್ಕಲ ಹೆಂಗಸಿನ ನೋವಿಗೆ ಈ ಹುಂಡಿಯೊಂದೇ ಸಾಕ್ಷಿ.

ಬಂಡೆಗಲ್ಲು, ಕುರುಚಲು ಕಾಡು, ಬಿಸಿಲು ಇವು ಹೆಚ್ಚಾಗಿರುವ ಈ ನಾಡಿನಲ್ಲಿ ಚೇಳಿನ ಭಯವು ಹಿರಿದಾದುದು ಸಹಜವೇ ಸರಿ. ವಿಷವೈದ್ಯಕ್ಕೆ ಕನ್ನಡದಲ್ಲಿ ಪ್ರಾಚೀನವಾದ ಸ್ವತಂತ್ರ ಗ್ರಂಥವೇ ಇರುವುದು. ವಿಜಯನಗರದ ಆರಂಭಕಾಲದಲ್ಲಿ, ಎಂದರೆ ಹದಿನಾಲ್ಕನೆಯ ಶತಮಾನದಲ್ಲಿ, ಜೈನಕವಿಯಾದ ಮಂಗರಾಜನು ಖಗೇಂದ್ರಮಣಿದರ್ಪಣವನ್ನು ರಚಿಸಿ, ಗಿಡಮೂಲಿಕೆಗಳಿಂದ ಬರುವ ಸ್ಥಾವರ ವಿಷಕ್ಕೂ ಪ್ರಾಣಿಗಳಿಂದ ಬರುವ ಜಂಗಮ ವಿಷಕ್ಕೂ ಚಿಕಿತ್ಸೆಗಳನ್ನು ಹೇಳಿದನು. ಆದರೆ ಹಳ್ಳಿಯ ಅಜ್ಜಿಯು ಮಂಗರಾಜನನ್ನು ಓದಿದವಳಲ್ಲ. ಉತ್ತರಣೆಯ ಬೇರನ್ನು ಅರೆದು ಹಚ್ಚುವುದು, ಹುಣಿಸೆಯ ಬೀಜವನ್ನು ಕಲ್ಲಿನ ಮೇಲೆ ತೇಯ್ದು ಕುಟುಕಿದ ಜಾಗಕ್ಕೆ ಅಂಟಿಸುವುದು, ಮಂತ್ರ ಹಾಕಿಸುವುದು ಇವು ಆಕೆಯ ಚಿಕಿತ್ಸೆಗಳು. ಬೀಜವು ವಿಷವನ್ನು ಹೀರಿದ ಬಳಿಕ ತಾನೇ ಉದುರುವುದೆಂದು ಹೇಳುವರು. ತೇಯ್ದ ಬೀಜದ ಅಂಟು ಒಣಗಿದರೆ ಅದು ಉದುರಲೇಬೇಕಷ್ಟೆ!

ಈ ಚಿಕಿತ್ಸೆಗಳೆಲ್ಲ ಫಲಿಸಿದಂತೆ ಕಾಣುವುದಕ್ಕೆ ಕಾರಣವಿದೆ. ಬಹುಪಾಲು ಚೇಳಿನ ಕುಟುಕಿನಲ್ಲಿ ಉರಿ ಮತ್ತು ನೋವುಗಳಲ್ಲದೆ ಬೇರೆ ಅಪಾಯವಿಲ್ಲ. ಕೆಲವು ಘಂಟೆಗಳಲ್ಲಿ ಅದು ತಾನಾಗಿಯೇ ಇಳಿಯುವುದು. ನೋಡಲು ಭಯಂಕರವಾದ ದೊಡ್ಡ ಕರಿ ಚೇಳು ಅಷ್ಟು ಕೇಡಿನದಲ್ಲ. ನಿಜವಾದ ಶತ್ರುವು ಸಣ್ಣದಾದ ಕೆಂಪು ಚೇಳು. ಅದು ಕುಟುಕಿದಾಗ ಮೈಯೆಲ್ಲ ಬೆವರಿ, ವಾಂತಿಯಾಗಿ, ಕೈಕಾಲು ತಣ್ಣಗಾದರೆ ವಿಷವು ಹೃದಯವನ್ನು ಮುಟ್ಟಿತೆಂದು ತಿಳಿಯಬೇಕು. ಮುಂದೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುವುದು. ಚಿಕ್ಕ ಮಕ್ಕಳಿಗಂತೂ ಇದು ಪ್ರಾಣಾಂತಿಕ. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ವೈದ್ಯರಾದ ಹಿಮ್ಮತರಾವ್ ಬಾವಸ್ಕರ್ ಅವರು, ರಕ್ತದ ಒತ್ತಡವನ್ನು ಇಳಿಸುವ ಪ್ರಾಜೋಸಿನ್ ಎಂಬ ಗುಳಿಗೆಯು ಈ ವಿಷದ ಪರಿಣಾಮಕ್ಕೆ ಎದುರಾಗಿ ನಿಲ್ಲುವುದೆಂದು ಕಂಡು, 1986ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೆಂಪು ಚೇಳಿನಿಂದ ಸಾಯುವವರ ಪ್ರಮಾಣವು ಬಹಳವಾಗಿ ಇಳಿದುದು ಆ ಮೇಲೆಯೇ. ಮುಂಬಯಿಯ ಹಾಫ್‌ಕಿನ್ ಸಂಸ್ಥೆಯು ತಯಾರಿಸಿದ ಪ್ರತಿವಿಷವೂ ಈಗ ಬಳಕೆಯಲ್ಲಿದೆ. ಎರಡೂ ಬೇಗ ಕೊಟ್ಟಷ್ಟು ಫಲ ಹೆಚ್ಚು.

ಇಲ್ಲಿ ಶಬ್ದವೊಂದರ ವಿಚಾರವನ್ನು ಹೇಳದೆ ಮುಂದುವರಿಯಲಾರೆ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ನಿದಾನವೆಂದರೆ ರೋಗದ ಕಾರಣ ಮತ್ತು ಅದನ್ನು ಗುರುತಿಸುವ ಕ್ರಮ; ಮಾಧವಕರನ ಗ್ರಂಥಕ್ಕೆ ಆ ಹೆಸರೇ ಬಂದಿದೆ. ಕನ್ನಡದಲ್ಲಿ ಅದೇ ಶಬ್ದಕ್ಕೆ ಸಾವಕಾಶವೆಂಬ ಅರ್ಥವು ಬಂದು ಕೂತಿತು. ಮನೆಮದ್ದಿನ ಅನರ್ಥಗಳಲ್ಲಿ ಅರ್ಧದಷ್ಟು, ಮೊದಲನೆಯ ನಿದಾನವಿರಬೇಕಾದ ಕಡೆ ಎರಡನೆಯ ನಿದಾನವು ಇರುವುದರಿಂದಲೇ ಆಗುವಂಥವು. ಬೇರಿನ ಲೇಪವು ಯಾರನ್ನೂ ಕೊಲ್ಲಲಿಲ್ಲ. ಲೇಪವು ಒಣಗುವವರೆಗೆ ಕಾದುದು ಕೊಂದಿತು.

ಸಿಡುಬಿನ ಚರಿತ್ರೆಯು ಇದಕ್ಕಿಂತ ದೊಡ್ಡದು. ನಮ್ಮಲ್ಲಿ ಅದನ್ನು ರೋಗವೆನ್ನದೆ ಅಮ್ಮನೆಂದೇ ಕರೆದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ರೋಗಿಯನ್ನು ಬೇರೆಯಾಗಿ ಮಲಗಿಸಿ, ಒಗ್ಗರಣೆಯನ್ನು ನಿಲ್ಲಿಸಿ, ಹೊರಗಿನವರನ್ನು ಒಳಕ್ಕೆ ಬಿಡದೆ ಇದ್ದ ಆ ಮಡಿಯಲ್ಲಿ ಒಂದು ವಿವೇಕವಿತ್ತು. ಸೋಂಕು ಹರಡದಂತೆ ಅದು ಕೊಂಚ ತಡೆಯುತ್ತಿತ್ತು. ಆದರೆ ಬಂದ ರೋಗವನ್ನು ಅದು ಗುಣಪಡಿಸಲಿಲ್ಲ. ಭಾರತದಲ್ಲಿ ಗೋಸಿಡುಬಿನ ಲಸಿಕೆಯು 1802ರಲ್ಲಿ ಮುಂಬಯಿಯಲ್ಲಿ ಮೊದಲಾಯಿತು. ಮೈಸೂರಿನಲ್ಲಿ ದಿವಾನ್ ಪೂರ್ಣಯ್ಯನವರು ಅದಕ್ಕೆ ಬೆಂಬಲವಿತ್ತರು. ಥಾಮಸ್ ಹಿಕ್ಕಿಯು 1805ರ ಸುಮಾರಿನಲ್ಲಿ ಬರೆದ ಮೈಸೂರಿನ ರಾಜಸ್ತ್ರೀಯರ ಚಿತ್ರವನ್ನು ಲಸಿಕೆಯ ಪ್ರಚಾರಕ್ಕಾಗಿಯೇ ಬರೆಸಿದ್ದೆಂದು ಇತ್ತೀಚಿನ ವಿದ್ವಾಂಸರು ಊಹಿಸಿರುವರು. ಚಿತ್ರದಲ್ಲಿ ಒಬ್ಬಾಕೆಯು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ಅವರ ಊಹೆಗೆ ಆಧಾರ. 1980ರಲ್ಲಿ ಸಿಡುಬು ಭೂಮಂಡಲದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಅಮ್ಮನ ಗುಡಿಗಳು ಉಳಿದಿವೆ, ಉಳಿಯಲಿ.

ನೆಗಡಿಗೆ ಶುಂಠಿ ಮೆಣಸಿನ ಕಷಾಯ, ಹೊಟ್ಟೆಯುಬ್ಬರಕ್ಕೆ ಓಮದ ನೀರು, ಕೆಮ್ಮಿಗೆ ದೊಡ್ಡಪತ್ರೆಯ ರಸ ಇವುಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ, ಹಿತವಾಗಿವೆ, ಅಗ್ಗವಾಗಿವೆ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದನ್ನು ಮಾತ್ರ ಬಿಡಬೇಕು. ಅಪರೂಪವಾದರೂ ಘೋರವಾದ ವಿಷರೋಗವೊಂದು ಅದರಿಂದ ಬರಬಹುದೆಂದು ತಿಳಿದುಬಂದಿದೆ.

ಭೇದಿಯ ವಿಚಾರವು ಬೇರೆ. ಉಪವಾಸವೇ ಪರಮೌಷಧವೆಂಬ ಮಾತನ್ನು ತಪ್ಪಾಗಿ ಹಿಡಿದು, ಭೇದಿಯಾಗುವ ಮಗುವಿಗೆ ನೀರನ್ನೇ ನಿಲ್ಲಿಸುವ ಪದ್ಧತಿಯು ಅನೇಕ ಮನೆಗಳಲ್ಲಿತ್ತು. ಅದರ ಪಕ್ಕದಲ್ಲಿಯೇ ಉಪ್ಪು ಹಾಕಿದ ಅಕ್ಕಿಗಂಜಿಯನ್ನು ಕುಡಿಸುವ ಪದ್ಧತಿಯೂ ಇತ್ತೆಂಬುದು ನಮ್ಮ ಭಾಗ್ಯ. ಎರಡನೆಯದೇ ಸರಿಯೆಂದು ಲೋಕಕ್ಕೆ ಸಿದ್ಧವಾದುದು 1971ರಲ್ಲಿ. ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸೂಜಿಯ ಮೂಲಕ ಕೊಡುವ ದ್ರವವು ಮುಗಿದುಹೋದಾಗ, ದಿಲೀಪ್ ಮಹಾಲನಬೀಸ್ ಎಂಬ ವೈದ್ಯರು ಉಪ್ಪು ಸಕ್ಕರೆಗಳ ನೀರನ್ನು ಡ್ರಮ್ಮುಗಳಲ್ಲಿ ಕದಡಿ ಬಾಯಿಂದಲೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಒಂದು ಲೀಟರ್ ಶುದ್ಧವಾದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಚಮಚವು ಚಹಾದ ಚಮಚ. ಉಪ್ಪು ಹೆಚ್ಚಾಗಬಾರದು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿಯನ್ನೂ ಇಲ್ಲಿಯೇ ಹೇಳಬೇಕು. ಮುಳಬಾಗಿಲಿನ ಬಳಿಯ ಆವಣಿಯ ಬೆಟ್ಟದಲ್ಲಿ ಸೀತಾದೇವಿಯು ಲವಕುಶರನ್ನು ಹಡೆದಳೆಂಬ ಐತಿಹ್ಯವಿದೆ. ಮಕ್ಕಳ ಫಲವನ್ನು ಬೇಡಿ ಹೆಂಗಸರು ಆ ಬೆಟ್ಟ ಹತ್ತುವರು. ಇಳಿದು ಬಂದು ಹಡೆದವಳಿಗೆ, ಮೈಗೆ ಶೀತವಾದೀತೆಂದು ಬಾಯಾರಿಕೆಯನ್ನು ಸಹಿಸಲು ಹೇಳುವುದು ಎಲ್ಲಿಯ ನ್ಯಾಯವೋ ನಾನರಿಯೆ. ಹಾಲೂಡುವ ತಾಯಿಗೆ ನೀರು ಹೆಚ್ಚೇ ಬೇಕು.

ಈಗ ಈ ಸೀಮೆಯ ಮುಖ್ಯವಾದ ವ್ಯಾಧಿಗೆ ಬರುತ್ತೇನೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವನ್ನು ಕುರಿತ ಅಧ್ಯಾಯವೊಂದಿದೆ. ಬೇರೆ ಬೇರೆ ಪ್ರಕೃತಿಯ ಜನರೆಲ್ಲರೂ ಒಂದೇ ರೋಗದಿಂದ ಕೆಡುವುದೆಂತು ಎಂಬ ಪ್ರಶ್ನೆಗೆ, ಅವರು ಸಮಾನವಾಗಿ ಸೇವಿಸುವ ವಾಯು, ಜಲ, ದೇಶ, ಕಾಲ ಇವು ಕೆಟ್ಟುದರಿಂದ ಎಂಬುದು ಅಲ್ಲಿಯ ಉತ್ತರ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಮಕ್ಕಳ ಹಲ್ಲುಗಳ ಮೇಲೆ ಕಾಣುವ ಕಂದು ಪಟ್ಟೆಗಳನ್ನೂ, ಹಿರಿಯರಲ್ಲಿ ಕೆಲವರ ಬಿಗಿದ ಬೆನ್ನು ಮೊಣಕಾಲುಗಳನ್ನೂ ನೋಡಿದಾಗ ಈ ಅಧ್ಯಾಯವು ನೆನಪಿಗೆ ಬರದಿರದು. ಅದಕ್ಕೆ ಕಾರಣವು ನೀರಿನಲ್ಲಿ ಕರಗಿರುವ ಫ್ಲೋರೈಡ್. ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗವನ್ನು ಗುರುತಿಸಿ ಷಾರ್ಟ್ ಮೊದಲಾದ ವೈದ್ಯರು 1937ರಲ್ಲಿಯೇ ವರದಿ ಮಾಡಿದ್ದರು.

ನಮ್ಮಲ್ಲಿ ಇದು ಪ್ರಬಲವಾದುದರ ಬಗೆ ಹೀಗೆ. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಈ ನಾಡನ್ನು ಹಿಂದಿನವರು ಕೆರೆಗಳಿಂದ ಕಾಪಾಡಿದರು. ಮಳೆಯ ನೀರು ಕೆರೆಯಲ್ಲಿ ನಿಂತು, ಇಂಗಿ, ಆಳವಿಲ್ಲದ ಬಾವಿಗಳಲ್ಲಿ ಒಸರುತ್ತಿತ್ತು. ಕೆರೆಗಳು ಹೂಳು ತುಂಬಿ, ಬಾವಿಗಳು ಬತ್ತಿ, ಕೊಳವೆ ಬಾವಿಗಳು ಸಾವಿರ ಅಡಿಗೂ ಮೀರಿ ಇಳಿದವು. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಆ ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಂಡು ಮೇಲಕ್ಕೆ ಬಂದಿತು. ಲೀಟರಿಗೆ ಒಂದು ಮಿಲಿಗ್ರಾಂ ಮೀರದಿರುವುದು ಒಳ್ಳೆಯದು. ಬೇರೆ ನೀರೇ ಇಲ್ಲದಲ್ಲಿ ಒಂದೂವರೆಯವರೆಗೆ ಸರ್ಕಾರದ ಮಾನಕವು ಒಪ್ಪುತ್ತದೆ. ಅನೇಕ ಕಡೆ ಅದನ್ನೂ ಮೀರಿದೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋರಮಂಗಲ ಚಲ್ಲಘಟ್ಟ ಕಣಿವೆಯ ಯೋಜನೆಯಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವರು; ಅದು ಅಂತರ್ಜಲಕ್ಕೆಂದು ಬಂದ ನೀರೇ ಹೊರತು ಕುಡಿಯುವುದಕ್ಕಲ್ಲ.

ಇದಕ್ಕೆ ಮನೆಮದ್ದುಂಟೆ? ಬಗ್ಗಿದ ಮೂಳೆಗೆ ಇಲ್ಲ. ನೀರನ್ನು ಕುದಿಸಿದರೆ ಸಾಕೆಂದು ನಂಬಿದವರಿದ್ದಾರೆ. ಕುದಿಸಿದಷ್ಟೂ ನೀರು ಆರಿ ಫ್ಲೋರೈಡ್ ಗಟ್ಟಿಯಾಗುವುದು. ಪಟಿಕ ಮತ್ತು ಸುಣ್ಣಗಳಿಂದ ನೀರನ್ನು ತಿಳಿಗೊಳಿಸುವ ನಲಗೊಂಡ ವಿಧಾನವನ್ನು ನಾಗಪುರದ ಸಂಶೋಧನ ಸಂಸ್ಥೆಯು ರೂಪಿಸಿತು. ವಸ್ತುಗಳು ಮನೆಯವೇ ಆದರೂ ಅಳತೆಯು ನೀರಿನ ಪರೀಕ್ಷೆಯನ್ನು ಅವಲಂಬಿಸಿದೆ, ಕಣ್ಣಂದಾಜಿನಲ್ಲಿ ಮಾಡತಕ್ಕದ್ದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಾಲಕರಿಗೆ ಹುಣಿಸೆಯ ಹಣ್ಣನ್ನು ಕೊಟ್ಟು ನೋಡಿ, ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಾಯಿತೆಂದು 2002ರಲ್ಲಿ ಪ್ರಕಟಿಸಿದರು. ಚೇಳಿಗೆ ಸಲ್ಲದ ಹುಣಿಸೆಯು ಇಲ್ಲಿ ಸ್ವಲ್ಪ ಸಂದಿತು! ರಾಗಿಯಲ್ಲಿಯೂ ಹಾಲಿನಲ್ಲಿಯೂ ಇರುವ ಸುಣ್ಣದ ಅಂಶವು ಮೂಳೆಗೆ ಒತ್ತಾಸೆ. ಆದರೆ ನೀರನ್ನು ಬದಲಾಯಿಸದೆ ಇವುಗಳನ್ನೇ ನೆಚ್ಚಿ ಕೂರಲಾಗದು. ಛಾವಣಿಯ ಮಳೆನೀರಿನಲ್ಲಿ ಫ್ಲೋರೈಡಿನ ದೋಷವಿಲ್ಲ. ಮೊದಲ ಮಳೆಯನ್ನು ಹೊರಕ್ಕೆ ಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಶೇಖರಿಸಿ, ಕುಡಿಯುವ ಮುನ್ನ ಕುದಿಸಿದರೆ ಅಡಿಗೆಗೂ ಕುಡಿಯುವುದಕ್ಕೂ ಒದಗುವುದು. ಶಾಶ್ವತ ದಂತಗಳ ಹೊಳಪು ಕಟ್ಟುವುದು ಸುಮಾರು ಎಂಟನೆಯ ವರ್ಷದೊಳಗೆ. ಇರುವ ಒಳ್ಳೆಯ ನೀರು ಸ್ವಲ್ಪವೇ ಆದರೆ ಆ ವಯಸ್ಸಿನ ಮಕ್ಕಳ ಲೋಟಕ್ಕೆ ಮೊದಲು ಬಗ್ಗಿಸಬೇಕು.